ಕಾರಣ ಹೇಳದೆ ಆರುವ ಯಂತ್ರ

ಪೂರ್ತಿ ಕೆಟ್ಟುಹೋದ ಯಂತ್ರವನ್ನು ಸರಿಪಡಿಸುವುದು ಸುಲಭ. ಆಗೊಮ್ಮೆ ಈಗೊಮ್ಮೆ ಕೆಡುವ ಯಂತ್ರವೇ ಮನುಷ್ಯನ ತಾಳ್ಮೆಯನ್ನು ಒರೆಗೆ ಹಚ್ಚುವುದು. ಡೊಂಬಿವಲಿಯ ನಮ್ಮ ಮನೆಯ ಡೆಸ್ಕ್‌ಟಾಪ್ ಕಳೆದ ಮಳೆಗಾಲದಲ್ಲಿ ಈ ಎರಡನೆಯ ವರ್ಗಕ್ಕೆ ಸೇರಿತು. ಕೆಲವು ದಿನ ಐದಾರು ಗಂಟೆ ನಿರಾತಂಕವಾಗಿ ನಡೆಯುತ್ತಿತ್ತು. ಕೆಲವು ದಿನ ಹತ್ತೇ ನಿಮಿಷಕ್ಕೆ, ಯಾವ ಮುನ್ಸೂಚನೆಯೂ ಇಲ್ಲದೆ, ಪರದೆ ಕಪ್ಪಾಗಿ ತಾನಾಗಿಯೇ ಮತ್ತೆ ಶುರುವಾಗುತ್ತಿತ್ತು. ದುರಸ್ತಿಯ ಅಂಗಡಿಗೆ ಒಯ್ದರೆ ಎರಡು ದಿನ ಸಜ್ಜನನಂತೆ ವರ್ತಿಸಿ ಮರಳಿತು. ಇದನ್ನು ಬಿಟ್ಟು ಹೊಸದನ್ನು ಕೊಳ್ಳಿರಿ ಎಂಬುದು ಅಲ್ಲಿಯ ಸಲಹೆ.

ನನಗಿದ್ದ ಅವಸರ ಬೇರೆ. ಎಂಬತ್ತರ ಸಮೀಪದ ನಮ್ಮ ಅವ್ವ ಧಾರವಾಡ ಸೀಮೆಯ ಬೀಸುವ ಪದಗಳನ್ನು ರಾತ್ರಿ ಊಟದ ನಂತರ ನೆನೆದು ಹೇಳುತ್ತಿದ್ದಳು. ನಾನು ಟೈಪು ಮಾಡುತ್ತಿದ್ದೆ. ಕೈಯಲ್ಲೇ ಬರೆದುಕೊಳ್ಳಬಹುದಿತ್ತು. ಆದರೆ ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಮೂಡಿದ ಸಾಲನ್ನು ಓದಿಯೇ ಅವಳಿಗೆ ಮುಂದಿನದು ನೆನಪಾಗುತ್ತಿತ್ತು. ಪ್ರತಿ ಸಾಲನ್ನೂ ಸೇವ್ ಮಾಡುತ್ತಿದ್ದುದರಿಂದ ಅಕ್ಷರಗಳು ಉಳಿದವು. ಯಂತ್ರ ಮತ್ತೆ ಏಳುವಷ್ಟರಲ್ಲಿ ನೆನಪಿನ ಎಳೆ ಮಾತ್ರ ಕಡಿದಿರುತ್ತಿತ್ತು. "ಎಲ್ಲಿಗೆ ಬಂದಿದ್ವಿ ತಮ್ಮಾ?" ಎನ್ನುತ್ತಿದ್ದಳು.

ಸರಕಾರಿ ನೌಕರನಿಗೆ ತಿಳಿದ ಮಾರ್ಗವೊಂದೇ: ಕಡತ ತೆರೆಯುವುದು. ಒಂದು ನೋಟುಪುಸ್ತಕದಲ್ಲಿ ದಿನ, ವೇಳೆ, ಆಗ ಮನೆಯಲ್ಲಿ ಏನೇನು ನಡೆದಿತ್ತು ಎಂಬುದನ್ನು ಬರೆಯತೊಡಗಿದೆ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡಿನ ಮಾರ್ಕ್ 2 ಗಣಕದ ರಿಲೇಯಲ್ಲಿ ಸಿಕ್ಕಿದ ಪತಂಗವನ್ನು ಅಲ್ಲಿಯವರು ದಿನಚರಿ ಪುಸ್ತಕಕ್ಕೇ ಅಂಟಿಸಿದರು. ಅವರ ಭಾಗ್ಯ ದೊಡ್ಡದು. ನಮ್ಮ ಹುಳು ಕಣ್ಣಿಗೆ ಬೀಳುವಂಥದ್ದಾಗಿರಲಿಲ್ಲ.

ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಪ್ರತಿ ಸಲವೂ 'ಕರ್ನೆಲ್-ಪವರ್ 41' ಎಂಬ ದಾಖಲೆಯಿತ್ತು. ಯಂತ್ರ ಕ್ರಮವಾಗಿ ಮುಚ್ಚದೆ ಮತ್ತೆ ಶುರುವಾಯಿತು ಎಂದಷ್ಟೇ ಅದರ ಅರ್ಥ. ಹೃದಯ ನಿಂತದ್ದರಿಂದ ಮರಣ ಎಂದು ಬರೆದ ಪ್ರಮಾಣಪತ್ರದಂತೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬ ನಿಯಮ ಹಾಕಿಕೊಂಡೆ. ಮೊದಲ ಶಂಕೆ ಶಾಖದ ಮೇಲೆ: ಫ್ಯಾನಿನ ಧೂಳು ತೆಗೆದೆ, ಪ್ರೊಸೆಸರಿನ ಉಷ್ಣತೆ 65 ಡಿಗ್ರಿ ದಾಟಲಿಲ್ಲ, ಆದರೂ ಯಂತ್ರ ಆರಿತು. ಎರಡನೆಯದು ರ‍್ಯಾಮ್: ಅದರ ತುದಿಯನ್ನು ರಬ್ಬರಿನಿಂದ ಉಜ್ಜಿ, ಇಡೀ ರಾತ್ರಿ ಮೆಮ್‌ಟೆಸ್ಟ್ ನಡೆಸಿದೆ, ಒಂದೂ ದೋಷ ಕಾಣಲಿಲ್ಲ. ಅಷ್ಟರಲ್ಲಿ ನೋಟುಪುಸ್ತಕವೇ ಮಾತನಾಡಿತು: ಬಹುಪಾಲು ಸಲ ಯಂತ್ರ ಆರಿದ್ದು ಫ್ರಿಜ್ಜಿನ ಕಂಪ್ರೆಸರ್ ಶುರುವಾದ ಗಳಿಗೆಯಲ್ಲಿ.

ಎಸ್‌ಎಂಪಿಎಸ್‌ನೊಳಗಿನ ಕೆಪಾಸಿಟರುಗಳು ನಮ್ಮ ಕಟ್ಟಡಗಳ ಮಾಳಿಗೆಯ ನೀರಿನ ಟಾಂಕಿಯಂತೆ. ನೀರು ಬರುವ ವೇಳೆ ಏರುಪೇರಾದರೂ ನಲ್ಲಿ ಒಂದೇ ಸಮ ಹರಿಯುವುದು ಟಾಂಕಿಯ ದೆಸೆಯಿಂದ. ವರ್ಷಗಳ ಬಿಸಿಗೆ ಕೆಪಾಸಿಟರಿನೊಳಗಿನ ದ್ರವ ಒಣಗಿದರೆ ಟಾಂಕಿ ಕಿರಿದಾದಂತೆ; ವೋಲ್ಟೇಜು ಕ್ಷಣಕಾಲ ಕುಸಿದರೂ 12 ವೋಲ್ಟಿನ ತಂತಿ ತನ್ನ ಮಿತಿಯಾದ 11.4ಕ್ಕಿಂತ ಕೆಳಗಿಳಿಯಬಹುದು. ಆ ಪೆಟ್ಟಿಗೆಯನ್ನು ನಾನು ಬಿಚ್ಚಲಿಲ್ಲ. ಪ್ಲಗ್ ತೆಗೆದ ಮೇಲೂ ಅದರಲ್ಲಿ ಅಪಾಯಕರ ವಿದ್ಯುತ್ತು ಉಳಿದಿರಬಲ್ಲದು.

ಕಲ್ಯಾಣದ ಸಹೋದ್ಯೋಗಿಯೊಬ್ಬರಿಂದ ಎರವಲು ತಂದ ಎಸ್‌ಎಂಪಿಎಸ್ ಜೋಡಿಸಿದೆ. ಮೂರು ವಾರ ಒಮ್ಮೆಯೂ ಆರಲಿಲ್ಲ. ಖಾತ್ರಿಗಾಗಿ ಹಳೆಯದನ್ನೇ ಮತ್ತೆ ಹಾಕಿದೆ. ಎರಡನೆಯ ರಾತ್ರಿಯೇ ಆರಿತು. ಆಮೇಲಷ್ಟೇ ಹೊಸದನ್ನು ಕೊಂಡೆ. ಇಡೀ ಯಂತ್ರವನ್ನು ಬದಲಿಸಿದ್ದರೂ ತೊಂದರೆ ನೀಗುತ್ತಿತ್ತು, ನಿಜ. ಆದರೆ ಕಾರಣ ತಿಳಿಯದೆ ಬಗೆಹರಿದ ತೊಂದರೆ ಬಗೆಹರಿದಂತೆ ನನಗೆ ಅನ್ನಿಸುವುದಿಲ್ಲ.

ಈಗ ಅವ್ವ ಹೇಳುವಾಗ ನಡುವೆ ತಡೆಯಿಲ್ಲ. ಆದರೂ ಕೆಲವು ಪದಗಳ ಮಧ್ಯದ ಸಾಲು ಅವಳಿಗೆ ಹೊಳೆಯುವುದಿಲ್ಲ. ಅದಕ್ಕೆ ಬದಲಿ ಭಾಗ ಯಾವ ಅಂಗಡಿಯಲ್ಲೂ ಸಿಗದು. ಅಲ್ಲಿ ಒಂದು ಸಾಲಿನ ಜಾಗವನ್ನು ಖಾಲಿ ಬಿಟ್ಟು ಮುಂದಕ್ಕೆ ಹೋಗುತ್ತೇವೆ.