ಸಂಬಳ ಏರಿಸಲಾಗದವರ ನಾಯಕತ್ವ

ನಾಯಕತ್ವದ ತರಬೇತಿಗಳೆಲ್ಲ ಒಂದು ಸಂಗತಿಯನ್ನು ಗಟ್ಟಿ ಮಾಡಿಕೊಂಡೇ ಶುರುವಾಗುತ್ತವೆ: ಸಂಬಳ ಏರಿಸುವುದು, ಬಡ್ತಿ ಕೊಡುವುದು ನಾಯಕನ ಕೈಯಲ್ಲಿದೆ ಎಂದು. ಹಳ್ಳಿ ಮಕ್ಕಳಿಗೆ ಓದಿನ ಕೇಂದ್ರ ನಡೆಸುವ ನಮ್ಮ ಐದು ಜನರ ಸಂಸ್ಥೆಯಲ್ಲಿ ಬಡ್ತಿ ಕೊಟ್ಟು ಕೂರಿಸುವುದಾದರೂ ಎಲ್ಲಿ? ಇರುವುದೇ ನಾಲ್ಕು ಕುರ್ಚಿ. ಅಕೌಂಟೆಂಟ್ ಬಂದ ದಿನ ನಾನು ಹಳೇ ಪುಸ್ತಕದ ಟ್ರಂಕಿನ ಮೇಲೆ ಕೂರುತ್ತೇನೆ.

ಆದರೂ ದಾನಿಗಳ ಖರ್ಚಿನಲ್ಲಿ ಬೆಂಗಳೂರಿನ ಹೋಟೆಲಿನಲ್ಲಿ ಕೂತು, ಗೋಡೆ ತುಂಬ ಬಣ್ಣದ ಚೀಟಿ ಅಂಟಿಸಿ ಬಂದ ಮೇಲೆ ಕಲಿತದ್ದು ದಂಡವಾಗಬಾರದಲ್ಲ.

ತಂಡಗಳು ನಾಲ್ಕು ಹಂತ ದಾಟುತ್ತವೆ ಎಂದು ಅಮೆರಿಕದ ಬ್ರೂಸ್ ಟಕ್‌ಮನ್ 1965ರಲ್ಲಿ ಬರೆದರು: ಸೇರುವುದು, ಕಿತ್ತಾಡುವುದು, ಹೊಂದಿಕೊಳ್ಳುವುದು, ಕೆಲಸ ಸಾಗುವುದು. ನಮ್ಮಲ್ಲಿ ಏಪ್ರಿಲ್‌ನ ಸಿಎಸ್‌ಆರ್ ಹಣ ಜುಲೈಗೆ ಬರುತ್ತದೆ. ಆಮೇಲೆ ಹೊಸಬರು ಸೇರುತ್ತಾರೆ. ಮಳೆಗಾಲವಿಡೀ ಮುನಿಸು, ದೀಪಾವಳಿಗೆ ರಾಜಿ, ಸಂಕ್ರಾಂತಿ ಹೊತ್ತಿಗೆ ಎಲ್ಲ ಸುಸೂತ್ರ. ಅಷ್ಟರಲ್ಲಿ ಮಾರ್ಚ್ 31. ಟಕ್‌ಮನ್ 1977ರಲ್ಲಿ ಚದುರುವ ಹಂತವೊಂದನ್ನು ಐದನೆಯದಾಗಿ ಸೇರಿಸಿದ್ದು ನಮ್ಮಂಥವರನ್ನು ನೋಡಿಯೇ ಇರಬೇಕು.

ನನಗೆ ದಿನವೂ ಉಪಯೋಗಕ್ಕೆ ಬಂದದ್ದು ಪಾಲ್ ಹರ್ಸಿ ಮತ್ತು ಕೆನ್ ಬ್ಲಾಂಚರ್ಡ್ 1969ರಲ್ಲಿ ಮುಂದಿಟ್ಟ ವಿಚಾರ. ಎಲ್ಲರನ್ನೂ ಒಂದೇ ರೀತಿ ನಡೆಸಬೇಡ. ಕೆಲವರಿಗೆ ಬಿಡಿಸಿ ಹೇಳು, ಕೆಲವರಿಗೆ ಮನವರಿಕೆ ಮಾಡು, ಕೆಲವರ ಜೊತೆ ಕೂತು ಯೋಚಿಸು, ಕೆಲವರಿಗೆ ಪೂರ್ತಿ ಬಿಟ್ಟುಕೊಡು. ಅದರ ಸೂಕ್ಷ್ಮ ಇರುವುದು ಒಂದೇ ಮನುಷ್ಯನ ವಿಷಯದಲ್ಲೂ ಇದು ಕೆಲಸದಿಂದ ಕೆಲಸಕ್ಕೆ ಬದಲಾಗುತ್ತದೆ ಎಂಬಲ್ಲಿ. ನಮ್ಮ ಫೀಲ್ಡ್ ನೋಡಿಕೊಳ್ಳುವ ಅಕ್ಕನಿಗೆ ಎಕ್ಸೆಲ್‌ನಲ್ಲಿ ಒಂದೊಂದು ಕಾಲಂ ತೋರಿಸಿಕೊಡಬೇಕು. ಎಂಎಸ್‌ಡಬ್ಲ್ಯೂ ಮುಗಿಸಿ ಬಂದ ಹುಡುಗನಿಗೆ ಎಕ್ಸೆಲ್ ನೀರು ಕುಡಿದಷ್ಟು ಸುಲಭ. ಆದರೆ ಊರ ಹಿರಿಯರ ಮುಂದೆ ಜಗಲಿಯಲ್ಲಿ ಕೂತರೆ ಮೊದಲು ಮಳೆ ಬೆಳೆ ವಿಚಾರಿಸಪ್ಪಾ, ಆಮೇಲೆ ಸರ್ವೆ ಫಾರಂ ತೆಗಿ ಎಂದು ಅವನಿಗೆ ಹೇಳಿಕೊಡಬೇಕು.

ಮುಖ್ಯಸ್ಥರು ಕೊನೆಗೆ ಮಾತಾಡಬೇಕು ಎಂಬುದೂ ತರಬೇತಿಯ ಪಾಠವೇ. ತಿಂಗಳ ಮೀಟಿಂಗಿನಲ್ಲಿ ಬಾಯಿ ಬಿಗಿಹಿಡಿದು ಕೂತೆ. ಹುಡುಗ ಹೆದರಿದ. ಡ್ರೈವರ್ ಅಣ್ಣ ಟೀ ತಂದಿಟ್ಟು, “ಮೇಡಂ, ಮೈಗೆ ಹುಷಾರಿಲ್ವಾ?” ಎಂದ. ಮೌನ ಇನ್ನಷ್ಟು ಬೆಳೆದಾಗ ಅಕ್ಕ ತಡೆಯಲಾರದೆ ಹಾಜರಾತಿ ಪುಸ್ತಕ ಎಳೆದುಕೊಂಡು, “ಗುರುವಾರ ದೊಡ್ಡ ಹೆಣ್ಮಕ್ಕಳು ಯಾಕ್ ಬರಲ್ಲ ಗೊತ್ತಾ? ಅವತ್ತು ಸಂತೆ. ಅವ್ವ ಸಂತೆಗೆ ಹೋದ್ರೆ ಕೂಸು ನೋಡೋರು ಯಾರು?” ಎಂದಳು. ತ್ರೈಮಾಸಿಕ ವರದಿಯಲ್ಲಿ ಅದನ್ನೇ ನಾವು ‘ಪೋಷಕರ ನಿರಾಸಕ್ತಿ’ ಎಂಬ ಕಾಲಂನಲ್ಲಿ ತುಂಬಿಸಿ ಕಳಿಸುವ ಸನ್ನಾಹದಲ್ಲಿದ್ದೆವು.

ವೇಳಾಪಟ್ಟಿ ಬದಲಿಸುವ ಕೆಲಸ ಅವಳಿಗೇ ವಹಿಸಿದೆ. ಹೆಡ್‌ಮೇಷ್ಟ್ರ ಹತ್ತಿರ ಮಾತಾಡಿದವಳೂ ಅವಳೇ, ದಾನಿಗಳು ತಪಾಸಣೆಗೆ ಬಂದಾಗ ಎದ್ದು ನಿಂತು ವಿವರಿಸಿದವಳೂ ಅವಳೇ. ನನ್ನ ಕೈಲಿ ಕೊಡಲು ದುಡ್ಡಿಲ್ಲ. ಕೊಡಬಹುದಾದದ್ದು ನಿರ್ಧಾರ ಮಾಡುವ ಹಕ್ಕು. ಸಣ್ಣ ಸಂಸ್ಥೆಯಲ್ಲಿ ಇನ್‌ಕ್ರಿಮೆಂಟ್ ಎಂದರೆ ಅದೇ. ಕೆಲಸ ಮಾತ್ರ ಹೊರಿಸಿ, ನಿರ್ಧಾರ ನಮ್ಮಲ್ಲೇ ಇಟ್ಟುಕೊಂಡರೆ ಅದಕ್ಕೆ ಬಿಟ್ಟಿ ಚಾಕರಿ ಎನ್ನಬೇಕಾಗುತ್ತದೆ.

ಇದಕ್ಕೊಂದು ಬೆಲೆಯೂ ಇದೆ. ದೊಡ್ಡ ಟೆಲಿಫೋನ್ ಕಂಪನಿಯಲ್ಲಿ ದಶಕಗಟ್ಟಲೆ ದುಡಿದು ನಿವೃತ್ತರಾದ ರಾಬರ್ಟ್ ಗ್ರೀನ್‌ಲೀಫ್ 1970ರಲ್ಲಿ, ನಾಯಕ ಮೊದಲು ಸೇವಕನಾಗಿರಬೇಕು ಎಂದು ವಾದಿಸಿ, ಒಂದು ಪರೀಕ್ಷೆಯನ್ನೂ ಒಡ್ಡಿದರು: ನಿನ್ನಿಂದ ಸೇವೆ ಪಡೆದವರು ಬೆಳೆದರೇ? ಬೆಳೆದವರನ್ನು ದೊಡ್ಡ ಸಂಸ್ಥೆಗಳು ದುಪ್ಪಟ್ಟು ಸಂಬಳ ಕೊಟ್ಟು ಕರೆದುಕೊಳ್ಳುತ್ತವೆ. ಪರೀಕ್ಷೆಯಲ್ಲಿ ನಾನು ಪಾಸಾದ ತಿಂಗಳೇ ಒಂದು ಕುರ್ಚಿ ಖಾಲಿ.

ಹೋಗಬೇಡಿ ಎನ್ನಲು ನನಗೆ ಬಾಯಿಲ್ಲ. ಆದರೆ ಒಂದು ಕೆಲಸ ಮಾಡಿಸಿಕೊಂಡೇ ಕಳಿಸುತ್ತೇನೆ: ಹೊಸಬರನ್ನು ಕರೆದುಕೊಂಡು ಊರೂರು ಸುತ್ತಿ, ಯಾರ ಮನೆ ಮುಂದೆ ಯಾರ ಸುದ್ದಿ ಎತ್ತಬಾರದು ಎಂಬುದನ್ನು ಹೇಳಿಕೊಟ್ಟು ಹೋಗಿ. ಫೈಲುಗಳನ್ನು ನಾನು ಕೊಡಬಲ್ಲೆ. ಅದನ್ನು ಮಾತ್ರ ಅವರೇ ಕೊಡಬೇಕು.