ಸೇತುವೆಯ ಕೆಳಗೊಂದು ಕಾದಂಬರಿ

ಟೊರಾಂಟೊ ನಗರಕ್ಕೆ ಹೋದವರು ಸಾಮಾನ್ಯವಾಗಿ ಸಿ.ಎನ್. ಟವರ್ ಹತ್ತುತ್ತಾರೆ, ಮರುದಿನ ನಯಾಗರಾ ಜಲಪಾತ ನೋಡಿ ಬರುತ್ತಾರೆ. ಅದೇ ಊರಿನಲ್ಲಿ ಒಂದು ಸೇತುವೆ, ಒಂದು ನೀರು ಶುದ್ಧೀಕರಣ ಘಟಕ ಇವೆ. ಇವನ್ನು ಹುಡುಕಿಕೊಂಡು ಹೋಗುವವರು ಹೆಚ್ಚಾಗಿ ಒಂದು ಕಾದಂಬರಿ ಓದಿದವರು. 1987ರಲ್ಲಿ ಪ್ರಕಟವಾದ ಆ ಕಾದಂಬರಿ 'ಇನ್ ದಿ ಸ್ಕಿನ್ ಆಫ್ ಎ ಲಯನ್'. ಬರೆದವರು ಮೈಕೆಲ್ ಒಂಡಾಟ್ಜೆ.

ಒಂಡಾಟ್ಜೆ ಕೆನಡಾದಲ್ಲಿ ಹುಟ್ಟಿದವರಲ್ಲ. 1943ರಲ್ಲಿ ಕೊಲಂಬೊದಲ್ಲಿ ಜನನ. ಹನ್ನೊಂದರ ವಯಸ್ಸಿನಲ್ಲಿ ಹಡಗು ಹತ್ತಿ ತಾಯಿಯಿದ್ದ ಇಂಗ್ಲೆಂಡಿಗೆ, 1962ರಲ್ಲಿ ಅಲ್ಲಿಂದ ಕೆನಡಾಕ್ಕೆ. ಮೊದಲು ಕೈಹಿಡಿದದ್ದು ಕವಿತೆ. 1967ರಲ್ಲಿ ಮೊದಲ ಸಂಕಲನ ಬಂತು. ಕಾದಂಬರಿ ಬಂದದ್ದು ಆಮೇಲೆ. ಹೀಗೆ ವಲಸೆ ಬಂದ ಕವಿ ತನ್ನ ಹೊಸ ಊರನ್ನು ನೋಡಿದಾಗ ಅವರ ಕಣ್ಣಿಗೆ ಬಿದ್ದವರೂ ವಲಸಿಗರೇ.

ಡಾನ್ ನದಿಯ ಕಣಿವೆಯ ಮೇಲೆ ಸುಮಾರು 40 ಮೀಟರ್ ಎತ್ತರದಲ್ಲಿ ನಿಂತಿದೆ ಬ್ಲೂರ್ ಬೀದಿಯ ಸೇತುವೆ. ಸಂಚಾರಕ್ಕೆ ತೆರೆದದ್ದು 1918ರಲ್ಲಿ. ಮುಂದೆಂದಾದರೂ ರೈಲು ಓಡಬಹುದೆಂದು ರಸ್ತೆಯ ಕೆಳಗೆ ಇನ್ನೊಂದು ಅಂತಸ್ತನ್ನು ಆಗಲೇ ಕಟ್ಟಿಟ್ಟಿದ್ದರು. ರೈಲು ಬಂದದ್ದು 1966ರಲ್ಲಿ, 48 ವರ್ಷ ಕಳೆದ ಮೇಲೆ! ಈ ದೂರದೃಷ್ಟಿಗೆ ಬೆನ್ನೆಲುಬಾಗಿದ್ದ ನಗರದ ಕಾಮಗಾರಿ ಮುಖ್ಯಸ್ಥ ಆರ್.ಸಿ. ಹ್ಯಾರಿಸ್ ಹೆಸರು ಇತಿಹಾಸದಲ್ಲಿದೆ. ಹಗ್ಗಕ್ಕೆ ಜೋತುಬಿದ್ದು ಕೆಲಸ ಮಾಡಿದವರ ಹೆಸರು?

ಒಂಡಾಟ್ಜೆ ಬರೆದದ್ದು ಅವರ ಕಥೆಯನ್ನು. ಒಂದು ರಾತ್ರಿ, ಇನ್ನೂ ಮುಗಿಯದ ಸೇತುವೆಯ ಮೇಲೆ ಬಂದ ಸನ್ಯಾಸಿನಿಯೊಬ್ಬಳು ಗಾಳಿಗೆ ಸಿಕ್ಕಿ ಕೆಳಗೆ ಬೀಳುತ್ತಾಳೆ. ಕೆಳಗೆ ಹಗ್ಗದಲ್ಲಿ ತೂಗುತ್ತಿದ್ದ ಮ್ಯಾಸಿಡೋನಿಯಾದ ಕಾರ್ಮಿಕ ನಿಕೊಲಸ್ ಟೆಮೆಲ್ಕೊಫ್ ಒಂದೇ ಕೈಯಲ್ಲಿ ಅವಳನ್ನು ಹಿಡಿಯುತ್ತಾನೆ. ಅವನ ಭುಜದ ಕೀಲು ತಪ್ಪುತ್ತದೆ. ಕಮಾನಿನ ಮೇಲೆ ಬೀಳುವ ಭಾರವನ್ನು ತರಗತಿಯಲ್ಲಿ ನಾವು ಲೆಕ್ಕ ಹಾಕಿ ತೋರಿಸುತ್ತೇವೆ. ಈ ಭುಜದ ಮೇಲೆ ಬಿದ್ದ ಭಾರ ಯಾವ ಪಠ್ಯದಲ್ಲೂ ಇಲ್ಲ.

ಕ್ವೀನ್ ಬೀದಿಯ ಪೂರ್ವದ ತುದಿಯಲ್ಲಿ, ಒಂಟಾರಿಯೊ ಸರೋವರದ ದಡದ ಮೇಲಿದೆ ಹ್ಯಾರಿಸ್ ಹೆಸರಿನ ಶುದ್ಧೀಕರಣ ಘಟಕ. 1941ರಲ್ಲಿ ಕೆಲಸ ಆರಂಭಿಸಿತು. ಹುಲ್ಲಿನ ಇಳಿಜಾರಿನಲ್ಲಿ ನಿಂತು ನೋಡಿದರೆ ಅರಮನೆಯೇ! ಒಳಗೆ ನಡೆಯುವುದು ಮಾತ್ರ ಹೈಸ್ಕೂಲು ಮಕ್ಕಳಿಗೂ ಗೊತ್ತಿರುವ ವಿಜ್ಞಾನ. ಕೆಸರಿನ ಸೂಕ್ಷ್ಮ ಕಣಗಳನ್ನು ಒಟ್ಟುಗೂಡಿಸಿ ತಳಕ್ಕಿಳಿಸುವುದು, ತಿಳಿನೀರನ್ನು ಸೋಸುವುದು, ಕ್ಲೋರಿನ್‌ನಿಂದ ರೋಗಾಣುಗಳನ್ನು ಕೊಲ್ಲುವುದು. ಸರೋವರದ ತಳದಲ್ಲಿ ಸುರಂಗ ತೋಡಿದವರ ಬೆವರು ಈ ವಿವರಣೆಯಲ್ಲಿ ಬರುವುದಿಲ್ಲ. ಕಾದಂಬರಿಯಲ್ಲಿ ಅಂಥ ಒಬ್ಬ ಕಾರ್ಮಿಕ, ಪ್ಯಾಟ್ರಿಕ್, ಡೈನಮೈಟ್ ಹಿಡಿದು ಈ ಅರಮನೆಗೇ ನುಗ್ಗುತ್ತಾನೆ. ಹ್ಯಾರಿಸ್ ಎದುರು ಕೂತು ಲೆಕ್ಕ ಕೇಳುತ್ತಾನೆ. ಸ್ಫೋಟ ಮಾತ್ರ ಆಗುವುದಿಲ್ಲ.

ಒಂಡಾಟ್ಜೆಗೆ ಜಗತ್ಪ್ರಸಿದ್ಧಿ ತಂದದ್ದು 1992ರ 'ದಿ ಇಂಗ್ಲಿಷ್ ಪೇಷಂಟ್'. ಅದರಲ್ಲಿ ಬಾಂಬ್ ನಿಷ್ಕ್ರಿಯಗೊಳಿಸುವ ಸಿಖ್ ಯೋಧ ಕಿಪ್ ಇದ್ದಾನೆ. ಅಲ್ಲೂ ಅಪಾಯದ ಕೆಲಸ ಹೊರಗಿನವನ ಪಾಲಿಗೇ. ಅದಕ್ಕೆ ಬುಕರ್ ಪ್ರಶಸ್ತಿ ಬಂತು, ಬ್ಯಾರಿ ಅನ್ಸ್‌ವರ್ತ್ ಜೊತೆ ಹಂಚಿಕೆಯಾಗಿ. ಬಂದ ಹಣದಿಂದ ಅವರು ಶ್ರೀಲಂಕಾದ ಇಂಗ್ಲಿಷ್ ಬರಹಗಾರರಿಗಾಗಿ 'ಗ್ರೇಷಿಯನ್ ಪ್ರಶಸ್ತಿ' ಸ್ಥಾಪಿಸಿದರು. 2018ರಲ್ಲಿ ಬುಕರ್‌ನ ಐವತ್ತು ವರ್ಷಗಳ ಶ್ರೇಷ್ಠ ಕೃತಿಯೆಂದು ಓದುಗರು ಅದನ್ನೇ ಆರಿಸಿದರು. 2024ರಲ್ಲಿ, ಎಂಬತ್ತು ದಾಟಿದ ಮೇಲೆ, ಮತ್ತೆ ಕವನ ಸಂಕಲನ ತಂದರು.

ಬ್ಲೂರ್ ಸೇತುವೆಯ ಬಳಿ 2009ರಲ್ಲಿ ಕಾದಂಬರಿಯ ಒಂದು ಭಾಗವನ್ನು ಫಲಕದಲ್ಲಿ ಬರೆದು ನಿಲ್ಲಿಸಿದ್ದಾರೆ. ಅಧಿಕಾರಿಯ ಹೆಸರನ್ನು ಕಟ್ಟಡಕ್ಕಿಡಲು ಸರ್ಕಾರದ ಆದೇಶ ಸಾಕು. ಕೂಲಿಯವನ ಕಥೆಯನ್ನು ಸೇತುವೆಯ ಬಳಿ ನಿಲ್ಲಿಸಲು ಒಬ್ಬ ಕವಿ ಬರಬೇಕಾಯಿತು. ಆ ದಾರಿಯಲ್ಲಿ ಹೋಗುವವರು ಒಮ್ಮೆ ನಿಂತು ಓದಲಿ. ಆಮೇಲೆ ಕಂಬಿಯ ಆಚೆ, ಕೆಳಗೆ ಕಣಿವೆಯತ್ತ ನೋಡಲಿ.