ಐದು ನಿಮಿಷಕ್ಕೊಮ್ಮೆ

ಗುರಪ್ಪನಪಾಳ್ಯದಲ್ಲಿ ನಮ್ಮ ಮಾಮುವಿನ ಜೆರಾಕ್ಸ್ ಅಂಗಡಿ ಇದೆ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಜೆರಾಕ್ಸ್ ಮೆಷಿನ್, ಹೊರಗೆ ಎರಡು ಸ್ಟೂಲ್. ಕಾಲೇಜು ಮುಗಿದ ಮೇಲೆ ನಾನು ಅಲ್ಲಿ ಕೂರುತ್ತೇನೆ. ಮನೆಯಲ್ಲಿ ನಮ್ಮ ಮಾತು ಉರ್ದು. ನಾನು ಕಲಿತ ಕನ್ನಡದಲ್ಲಿ ಅರ್ಧ ಶಾಲೆಯದಾದರೆ ಇನ್ನರ್ಧ ಈ ಅಂಗಡಿಯದು, ಜನರ ಅರ್ಜಿಗಳನ್ನು ನುಡಿಯಲ್ಲಿ ಟೈಪ್ ಮಾಡುತ್ತಾ ಬಂದದ್ದು.

ಜೂನ್‌ನಲ್ಲಿ, ಅಡ್ಮಿಷನ್ ಗದ್ದಲದ ನಡುವೆ ಒಂದು ಕಾಟ ಶುರುವಾಯಿತು. ಪ್ರಿಂಟ್ ಕೊಟ್ಟರೆ ಹಾಳೆ ಬರುತ್ತಿರಲಿಲ್ಲ. ಪ್ರಿಂಟರ್ ಆನ್ ಇದೆ, ಹಾಳೆ ಇದೆ, ಇಂಕ್ ಇದೆ. ಹುಡುಕಿದಾಗ ಗೊತ್ತಾಯಿತು, ನಿಂತಿದ್ದು ಪ್ರಿಂಟರ್ ಅಲ್ಲ, ‘ಪ್ರಿಂಟ್ ಸ್ಪೂಲರ್’. ಅದು ವಿಂಡೋಸ್‌ನಲ್ಲಿ ಕಣ್ಣಿಗೆ ಕಾಣದೆ ಕೆಲಸ ಮಾಡುವ ಒಂದು ಸರ್ವಿಸ್. ನಾವು ಕೊಟ್ಟ ಪ್ರಿಂಟ್‌ಗಳನ್ನು ಸಾಲಾಗಿ ನಿಲ್ಲಿಸಿ, ಒಂದೊಂದನ್ನೇ ಪ್ರಿಂಟರ್‌ಗೆ ಕಳಿಸುವುದು ಅದರ ಕೆಲಸ. ಅದು ನಿಂತರೆ ಪ್ರಿಂಟರ್‌ಗೆ ಸುದ್ದಿಯೇ ಹೋಗುವುದಿಲ್ಲ.

ಸರ್ವಿಸ್‌ಗಳ ಪಟ್ಟಿ ತೆರೆದು ‘ಸ್ಟಾರ್ಟ್’ ಒತ್ತಿದರೆ ಮತ್ತೆ ನಡೆಯುತ್ತಿತ್ತು. ಆದರೆ ನಾನು ಕ್ಲಾಸಿನಲ್ಲಿರುವಾಗ ಒತ್ತುವವರು ಯಾರು? ಅದಕ್ಕೆ ನೋಟ್‌ಪ್ಯಾಡ್‌ನಲ್ಲಿ ಎರಡು ಸಾಲಿನ ಬ್ಯಾಚ್ ಫೈಲ್ ಬರೆದೆ. ಸ್ಪೂಲರ್ ನಡೆಯುತ್ತಿದೆಯೇ ನೋಡು, ಇಲ್ಲದಿದ್ದರೆ ‘ನೆಟ್ ಸ್ಟಾರ್ಟ್ ಸ್ಪೂಲರ್’. ಟಾಸ್ಕ್ ಶೆಡ್ಯೂಲರ್‌ನಲ್ಲಿ ಅದನ್ನು 5 ನಿಮಿಷಕ್ಕೊಮ್ಮೆ ಓಡುವಂತೆ ಇಟ್ಟೆ. ಮೊದಲು ‘ಆಕ್ಸೆಸ್ ಈಸ್ ಡಿನೈಡ್’ ಎಂದಿತು. ಅಡ್ಮಿನ್ ಅಧಿಕಾರ ಕೊಟ್ಟ ಮೇಲೆ ಒಪ್ಪಿಕೊಂಡಿತು. ಕಾಮರ್ಸ್ ಹುಡುಗ ಇಷ್ಟು ಮಾಡಿದನಲ್ಲ ಎಂದು ಮಾಮು ಎಲ್ಲರಿಗೂ ಹೇಳಿಕೊಂಡು ಬಂದರು. ನನಗೂ ಸ್ವಲ್ಪ ಕೊಬ್ಬು ಬಂತು.

ಒಂದು ತಿಂಗಳು ಯಾರೂ ದೂರು ಹೇಳಲಿಲ್ಲ.

ಆಮೇಲೊಂದು ಮಧ್ಯಾಹ್ನ ಗಾರ್ಮೆಂಟ್ಸ್‌ಗೆ ಹೋಗುವ ಒಬ್ಬ ಅಕ್ಕ ಅರ್ಧ ದಿನ ರಜೆ ಹಾಕಿ ಬಂದಿದ್ದರು. ಮಗಳ ಸ್ಕಾಲರ್‌ಶಿಪ್ ಅರ್ಜಿ ಪ್ರಿಂಟ್ ಮಾಡಿಸಿ ಅವತ್ತೇ ಆಫೀಸಿಗೆ ಕೊಡಬೇಕಿತ್ತು. ಹಾಳೆ ಬರಲಿಲ್ಲ. ಮಾಮು ಧೈರ್ಯವಾಗಿ ಹೇಳಿದರಂತೆ, “ಕೂತ್ಕೊಳ್ಳಿ ಅಮ್ಮಾ, ನಮ್ಮ ಹುಡುಗ ಏನೋ ಮಾಡಿಟ್ಟಿದ್ದಾನೆ, ಐದು ನಿಮಿಷಕ್ಕೆ ತಾನಾಗೇ ಸರಿಹೋಗುತ್ತೆ.” ಐದು ಹತ್ತಾಯಿತು, ಹತ್ತು ಇಪ್ಪತ್ತಾಯಿತು. ಕೊನೆಗೆ ಆಕೆ ಮೇನ್ ರೋಡಿನ ಬೇರೆ ಅಂಗಡಿಗೆ ಓಡಿದರು. ಪ್ರಿಂಟ್ ಸಿಕ್ಕಿತು, ಆಫೀಸಿನ ಕೌಂಟರ್ ಮುಚ್ಚಿತ್ತು. ಮರುದಿನ ಮತ್ತೆ ರಜೆ, ಮತ್ತೆ ಸಂಬಳ ಕಟ್.

ಸಂಜೆ ನಾನು ಹೋದಾಗ ಮಾಮು ಬೈಯಲಿಲ್ಲ. “ನೀನು ಹೇಳಿದ್ದೀಯಲ್ಲ ಬೇಟಾ ಅಂತ ಅವರನ್ನು ಕೂರಿಸಿದೆ” ಎಂದರು ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಅವತ್ತು ಮೊದಲ ಸಲ ‘ಇವೆಂಟ್ ವ್ಯೂವರ್’ ತೆರೆದೆ. ಯಾವ ಸರ್ವಿಸ್ ಯಾವಾಗ ಬಿತ್ತು ಎಂದು ವಿಂಡೋಸ್ ತಾನೇ ಬರೆದಿಡುವ ದಿನಚರಿ ಅದು. ಸ್ಪೂಲರ್ ಅನಿರೀಕ್ಷಿತವಾಗಿ ನಿಂತಿದೆ, ಇದು ಇಷ್ಟನೇ ಸಲ ಎಂದು ಎಣಿಕೆಯೂ ಇತ್ತು. ವಾರಗಳಿಂದ ಅದು ಬೀಳುತ್ತಲೇ ಇತ್ತು. ನನ್ನ ಸ್ಕ್ರಿಪ್ಟ್ ಎಬ್ಬಿಸುತ್ತಲೇ ಇತ್ತು. ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ.

ಕಾರಣ ಹುಡುಕಲು ಒಂದು ಗಂಟೆ ಸಾಕಾಯಿತು. ಮಾಮು ಹಿಂದೆಯೇ ಮಾರಿದ್ದ ಹಳೆಯ ಪ್ರಿಂಟರ್‌ನ ಹೆಸರೂ ಡ್ರೈವರೂ ಕಂಪ್ಯೂಟರ್‌ನಲ್ಲಿ ಹಾಗೇ ಉಳಿದಿದ್ದವು. ಅವಸರದಲ್ಲಿ ಯಾರಾದರೂ ಆ ಹೆಸರು ಒತ್ತಿದರೆ ಸ್ಪೂಲರ್ ಬೀಳುತ್ತಿತ್ತು. ಆ ದಿನ ಅಂಥದ್ದೊಂದು ಫೈಲ್ ಸಾಲಿನಲ್ಲೇ ಸಿಕ್ಕಿಕೊಂಡಿತ್ತು. ಸ್ಪೂಲರ್ ಏಳುತ್ತಿದ್ದಂತೆ ಮೊದಲು ಅದನ್ನೇ ಕೈಗೆತ್ತಿಕೊಳ್ಳುತ್ತಿತ್ತು, ಮತ್ತೆ ಬೀಳುತ್ತಿತ್ತು. ಸ್ಪೂಲರ್ ನಿಲ್ಲಿಸಿ, ‘ಸ್ಪೂಲ್’ ಫೋಲ್ಡರ್ ಒಳಗಿನ ‘ಪ್ರಿಂಟರ್ಸ್’ ಫೋಲ್ಡರ್ ಖಾಲಿ ಮಾಡಿ, ಹಳೆಯ ಡ್ರೈವರ್ ತೆಗೆದುಹಾಕಿದೆ. ಆಮೇಲೆ ಆ ಕಾಟವಿಲ್ಲ.

ಪ್ರಥಮ ಪಿಯುನಲ್ಲಿ ನಾವೆಲ್ಲ ಸಸ್ಪೆನ್ಸ್ ಅಕೌಂಟ್ ಓದಿದ್ದೇವೆ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ವ್ಯತ್ಯಾಸವನ್ನು ತಾತ್ಕಾಲಿಕವಾಗಿ ಅದಕ್ಕೆ ಹಾಕುತ್ತೇವೆ. ಎರಡು ಕಡೆಯ ಮೊತ್ತ ಸಮವಾಗುತ್ತದೆ, ಕೆಲಸ ಮುಂದೆ ಸಾಗುತ್ತದೆ. ಆದರೆ ತಪ್ಪು ಎಲ್ಲಿದೆ ಎಂದು ಹುಡುಕಿ ಸರಿಮಾಡಿದಾಗಲೇ ಆ ಖಾತೆ ಮುಚ್ಚುವುದು. ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕ ತೆಗೆದುಕೊಂಡವನು, ಅಂಗಡಿಯಲ್ಲಿ ಒಂದು ತಿಂಗಳು ಸಸ್ಪೆನ್ಸ್ ಅಕೌಂಟ್ ತೆರೆದಿಟ್ಟು ಲೆಕ್ಕ ಸರಿಯಿದೆ ಎಂದುಕೊಂಡಿದ್ದೆ.

ಸ್ಕ್ರಿಪ್ಟ್ ತೆಗೆದುಹಾಕಲಿಲ್ಲ. ರಾತ್ರಿ ಹಗಲು ನಡೆಯಬೇಕಾದ ಕೆಲಸಗಳಿಗೆ ಅಂಥದ್ದು ಬೇಕೇ ಬೇಕು. ವಿಂಡೋಸ್‌ನಲ್ಲೂ ಪ್ರತಿ ಸರ್ವಿಸ್‌ಗೆ ‘ರಿಕವರಿ’ ಎಂಬ ಪುಟವಿದೆ. ಮೊದಲ ಸಲ ಬಿದ್ದರೆ ಏನು, ಎರಡನೇ ಸಲ ಏನು, ಆಮೇಲೆ ಏನು ಎಂದು ಅಲ್ಲಿ ಬೇರೆ ಬೇರೆ ಹೇಳಬಹುದು. ಮೊದಲ ಸಲ ಬೀಳುವುದೂ ಮೂರನೇ ಸಲ ಬೀಳುವುದೂ ಒಂದೇ ಅಲ್ಲ ಎಂದು ಅದನ್ನು ಮಾಡಿದವರಿಗೆ ಗೊತ್ತಿತ್ತು. ನಾನೂ ಮೂರು ಸಾಲು ಸೇರಿಸಿದೆ. ಎಬ್ಬಿಸಿದಾಗಲೆಲ್ಲ ದಿನಾಂಕ, ಸಮಯ ಒಂದು ಫೈಲಿನಲ್ಲಿ ಬರೆ. ಸತತ ಮೂರು ಸಲ ಬಿದ್ದರೆ ಮತ್ತೆ ಎಬ್ಬಿಸಬೇಡ. ತೆರೆಯ ಮೇಲೆ ದೊಡ್ಡದಾಗಿ ಹೇಳು. ಮಾಮು ಈಗ ಶಟರ್ ಎಳೆಯುವ ಮುಂಚೆ ಆ ಫೈಲ್ ನೋಡುತ್ತಾರೆ.

ಮೊನ್ನೆ ಆ ಅಕ್ಕ ಮತ್ತೆ ಬಂದಿದ್ದರು, ಆಧಾರ್ ಜೆರಾಕ್ಸ್‌ಗೆ. ಜೊತೆಗೆ ಒಂದು ಪ್ರಿಂಟೂ ಇತ್ತು. “ಇವತ್ತು ಬರುತ್ತೇನಪ್ಪಾ?” ಎಂದು ನಕ್ಕರು.

“ಬರುತ್ತೆ ಅಕ್ಕ. ಬರಲ್ಲ ಅಂದ್ರೆ ಈಗಲೇ ಹೇಳ್ತೀನಿ, ಸುಮ್ಮನೆ ಕೂರಿಸಲ್ಲ” ಎಂದೆ.